ಹವಳದ ದಿಬ್ಬದಲ್ಲಿ ಅಡಗಿರೋ ಜೀವಿಗಳನ್ನ ಹುಡುಕಿ ನೋಡೋದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

"ರೀಫ್‌ಗೆ ಹೋಗಿದ್ವಿ, ಬಣ್ಣಬಣ್ಣದ ಮೀನು ಬೇಜಾನ್ ಕಾಣಿಸ್ತು, ಆದ್ರೆ ಸೀಹಾರ್ಸು, ಫ್ರಾಗ್‌ಫಿಶ್ಶು, ಆಕ್ಟೋಪಸ್ಸು ಒಂದೂ ಸಿಗ್ಲಿಲ್ಲ" ಅಂತ ತುಂಬಾ ಜನ ಹೇಳ್ತಾನೇ ಇರ್ತಾರೆ. ಅದೇ ಜಾಗದಲ್ಲಿ, ಅದೇ ಹೊತ್ತಲ್ಲಿ ಅನುಭವ ಇರೋ ಗೈಡ್ ಒಬ್ರು ಇಳಿದ್ರೆ ಒಂದೇ ಬಂಡೆ ಸುತ್ತ ಹತ್ತಾರು ಜೀವಿ ತೋರಿಸಿಬಿಡ್ತಾರೆ. ಯಾಕಂದ್ರೆ ಅವರು ಪ್ರಾಣಿನ ಹುಡುಕ್ತಾ ಕೂರಲ್ಲ, ಅದು ವಾಸ ಮಾಡೋ ಮನೆ ಯಾವ್ದು ಅಂತ ಹುಡುಕ್ತಾರೆ, ಮನೆ ಸಿಕ್ಕಿದ್ಮೇಲೆ ಅಲ್ಲೇ ನಿಂತ್ಕೊಂಡು ಕಾಯ್ತಾರೆ. ಕೆಳಗೆ ಹೇಳಿರೋದೆಲ್ಲ ಈ ಎರಡು ಕೆಲಸ ಸರಿಯಾಗಿ ಮಾಡೋದು ಹೇಗೆ ಅನ್ನೋದರ ಬಗ್ಗೆನೇ. ಹಂತಗಳ ಕ್ರಮ ಬದಲಾಯಿಸ್ಬೇಡಿ, ಮೊದಲನೇ ಎರಡು ಹಂತ ಹಾರಿಸಿ ಸೀದಾ ಹುಡುಕೋಕೆ ಹೋಗೋರೇ ಜಾಸ್ತಿ ಸೋಲೋದು.

## ಹೊರಡೋ ಮುಂಚೆ: ಏನೇನು ಬೇಕು

ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರ್ಬೇಕು, ಮಂಜು ಹಿಡೀಬಾರ್ದು. ನೀರಲ್ಲಿ ವಸ್ತುಗಳು ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣತ್ತೆ ನಿಜ, ಆದ್ರೂ ಕನ್ನಡಕ ಹಾಕೋರು ಪವರ್ ಇರೋ ಮಾಸ್ಕ್ ಗ್ಲಾಸ್ ಹಾಕಿಸ್ಕೊಳ್ಳಿ. ಹತ್ತಿರದ್ದು ಓದೋಕೆ ಮಾತ್ರ ಕಷ್ಟ ಇರೋರಿಗೆ ಮಾಸ್ಕ್ ಒಳಗಡೆ ಅಂಟಿಸೋ ಚಿಕ್ಕ ಲೆನ್ಸ್ ಸಿಗತ್ತೆ, ಎರಡು ಸೆಂಟಿಮೀಟರಿನ ಪ್ರಾಣಿ ನೋಡೋಕೆ ಅದು ತುಂಬಾ ಸಹಾಯ.

ಟಾರ್ಚ್ ಹಗಲಲ್ಲೂ ಬೇಕೇ ಬೇಕು. ನೀರು ಮೊದಲು ನುಂಗೋದು ಕೆಂಪು ಬಣ್ಣನ, ಕೆಲವೇ ಮೀಟರ್ ಇಳಿದ್ರೆ ಕೆಂಪು ಪ್ರಾಣಿ ಕಂದು ಬೂದು ಆಗಿ ಬಂಡೆ ಜೊತೆ ಸೇರ್ಕೊಂಡುಬಿಡತ್ತೆ, ಬೆಳಕು ಬಿಟ್ಟ ತಕ್ಷಣ ಬೇರೆಯಾಗಿ ಎದ್ದು ಕಾಣತ್ತೆ. ರಾತ್ರಿ ಇಳಿಯೋದಾದ್ರೆ ಎರಡು ಟಾರ್ಚ್. ಮನೇಲಿರೋ ಭೂತಗನ್ನಡಿ ತರ್ಬೇಡಿ, ಮಾಮೂಲಿ ಲೆನ್ಸ್ ನೀರೊಳಗೆ ಬಹುಪಾಲು ಶಕ್ತಿ ಕಳ್ಕೊಂಡುಬಿಡತ್ತೆ, ನೀರೊಳಗಿನ ಬಳಕೆಗೇ ಮಾಡಿರೋದು ಬೇಕು.

ತುಂಬು ತೋಳಿನ ರ‍್ಯಾಶ್ ಗಾರ್ಡ್ ಅಥವಾ ವೆಟ್‌ಸೂಟ್ ಹಾಕ್ಕೊಳ್ಳಿ, ಸನ್‌ಸ್ಕ್ರೀನ್ ಬಳಿಯೋದು ಕಮ್ಮಿ ಆಗತ್ತೆ. ಹವಳಕ್ಕೆ ಹಾನಿ ಅಂತ ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್ ಅನ್ನೋ ರಾಸಾಯನಿಕ ಇರೋ ಸನ್‌ಸ್ಕ್ರೀನ್ ಮಾರೋದನ್ನ ಹವಾಯಿಯಲ್ಲಿ 2021ರಿಂದ ನಿಲ್ಲಿಸಿದ್ದಾರೆ. ಗ್ಲೌಸ್ ಮಾತ್ರ ಬೇಡ. ಕೈಗೆ ಗ್ಲೌಸ್ ಇದ್ರೆ ಮುಟ್ಟೋ ಧೈರ್ಯ ತಾನಾಗೇ ಬರತ್ತೆ.

## ಹಂತ 1: ಅಲ್ಲಾಡದೆ ತೇಲೋದು ಕಲೀರಿ

ಸ್ಕೂಬಾ ಮಾಡೋರು, ಅಂದ್ರೆ ಗಾಳಿ ಸಿಲಿಂಡರ್ ಹೊತ್ತು ಆಳಕ್ಕೆ ಇಳಿಯೋರು, ಮೊದಲು ಬರೀ ಮರಳಿರೋ ಕಡೆ ಹೋಗಿ ಒಂದು ಪರೀಕ್ಷೆ ಮಾಡ್ಕೊಳ್ಳಿ: ತಳದಿಂದ ಒಂದು ತೋಳಿನಷ್ಟು ಮೇಲೆ, ಕೈ ಬೀಸದೆ, ಕಾಲು ಹೊಡೀದೆ, ಒಂದು ನಿಮಿಷ ನಿಲ್ಲೋಕೆ ಆಗತ್ತಾ? ಆಗ್ತಿಲ್ಲ ಅಂದ್ರೆ ಹವಳದ ಹತ್ರ ಹೋಗ್ಲೇಬೇಡಿ, ಅವತ್ತು ಇದನ್ನೇ ಅಭ್ಯಾಸ ಮಾಡಿ.

ಕೈ ಬೀಸ್ತಾನೇ ಇರ್ಬೇಕಾಗತ್ತೆ, ಕಾಲು ಕೆಳಗೆ ಜೋತು ಬೀಳತ್ತೆ ಅಂದ್ರೆ ಸೊಂಟಕ್ಕೆ ಕಟ್ಕೊಂಡಿರೋ ತೂಕ ಜಾಸ್ತಿ ಆಗಿದೆ ಅಂತ ಅನುಮಾನ ಪಡಿ. ನೀವು ಹಾದು ಹೋದ ದಾರಿನ ಆಗಾಗ ತಿರುಗಿ ನೋಡಿ, ಹಿಂದೆ ಮರಳಿನ ಮೋಡ ಎದ್ದಿದ್ರೆ ಕಾಲಿಗೆ ಹಾಕೋ ಫಿನ್ಸ್ ಕೆಳಮುಖವಾಗಿ ಹೊಡೀತಿದ್ದೀರ ಅಂತ ಅರ್ಥ, ಕಪ್ಪೆ ಈಜೋ ಥರ ಪಕ್ಕಕ್ಕೆ ಒದೆಯೋದು ಕಲೀರಿ. ಆ ಮರಳು ಹವಳದ ಮೇಲೆ ಕೂತ್ರೆ ಹವಳ ಕಟ್ಟೋ ಪುಟ್ಟ ಪುಟ್ಟ ಜೀವಿಗಳು, ಅಂದ್ರೆ ಪಾಲಿಪ್‌ಗಳು, ಅದನ್ನ ಲೋಳೆ ಸುರಿಸಿ ತೊಳ್ಕೋಬೇಕು, ಅದಕ್ಕೆ ಶಕ್ತಿ ಖರ್ಚಾಗತ್ತೆ. ಜೋತಾಡೋ ಗೇಜ್ (ಆಳ, ಗಾಳಿ ತೋರಿಸೋ ಮೀಟರ್), ಹೋಸ್ (ಗಾಳಿ ಕೊಳವೆ) ಎಲ್ಲ ಮೈಗೆ ಕ್ಲಿಪ್ ಮಾಡ್ಕೊಳ್ಳಿ.

ಸ್ನಾರ್ಕೆಲ್ ಮಾಡೋರಿಗೆ, ಅಂದ್ರೆ ಬಾಯಲ್ಲಿ ಕೊಳವೆ ಇಟ್ಕೊಂಡು ಮೇಲ್ಗಡೆ ತೇಲ್ತಾ ನೋಡೋರಿಗೆ, ಒಂದೇ ನಿಯಮ: ಸುಸ್ತಾಯ್ತು ಅಂತ ಹವಳದ ಮೇಲೆ ನಿಲ್ಬೇಡಿ. ತೇಲೋಕೆ ಕಷ್ಟ ಇದ್ರೆ ಫ್ಲೋಟ್ ಜಾಕೆಟ್ ಹಾಕ್ಕೊಂಡೇ ಇಳೀರಿ, ನಾಚಿಕೆ ಪಡೋ ವಿಷಯ ಅಲ್ಲ, ಮುಖ ಕೆಳಗೆ ಹಾಕಿ ನಿಶ್ಚಿಂತೆಯಿಂದ ನೋಡೋಕೆ ಅದೇ ಒಳ್ಳೇದು.

## ಹಂತ 2: ಜಾಗ ಮತ್ತು ಹೊತ್ತು ಆರಿಸ್ಕೊಳ್ಳಿ

ಎಲ್ರೂ ಚಂದದ ಹವಳದ ತೋಟದ ಕಡೆಗೇ ಓಡ್ತಾರೆ. ವಿಚಿತ್ರ ಜೀವಿಗಳು ಬೇಕು ಅಂದ್ರೆ ಮುರಿದ ಹವಳದ ಚೂರು ಬಿದ್ದಿರೋ ಕಡೆ, ಮರಳು ಮತ್ತು ದಿಬ್ಬ ಕೂಡೋ ಅಂಚು, ಬಂಡೆ ಚಾಚಿರೋ ಅಡಿಭಾಗ, ಇಂಥ ಕಡೆ ಹೋಗಿ. ನೋಡೋಕೆ ಸಪ್ಪೆ ಅನ್ಸೋ ಜಾಗಗಳೇ ಇವು, ಆದ್ರೆ ಬಿಲ ತೋಡೋರು, ಹೊಂಚು ಹಾಕೋರು ಎಲ್ಲ ಇಲ್ಲೇ ಇರೋದು.

ಹೊತ್ತಿನ ವಿಷಯಕ್ಕೆ ಬಂದ್ರೆ ಸೂರ್ಯ ಮುಳುಗೋ ಸಮಯದ ಆಸುಪಾಸು ತುಂಬಾ ಒಳ್ಳೇದು, ಹಗಲಿನ ಮೀನುಗಳು ಸಂದಿಗೆ ಸೇರ್ಕೊಳ್ತಿರತ್ತೆ, ರಾತ್ರಿಯವು ಹೊರಗೆ ಬರ್ತಿರತ್ತೆ, ಎರಡೂ ಪಾಳಿ ಒಟ್ಟಿಗೆ ಕಾಣತ್ತೆ. ಪೆಸಿಫಿಕ್‌ನ ಮ್ಯಾಂಡರಿನ್ ಮೀನುಗಳು ಜೋಡಿಯಾಗಿ ಹವಳದ ಮೇಲಕ್ಕೆ ಏರಿ ಕೂಡೋದು ಕೂಡ ಈ ಹೊತ್ತಲ್ಲೇ. ಸೆಳೆತ ಜೋರಿದ್ರೆ ಆ ದಿನ ಬಿಟ್ಬಿಡಿ, ನಿಲ್ಲೋಕೇ ಆಗ್ದೇ ಇರೋ ಕಡೆ ನೋಡೋಕೆ ಆಗಲ್ಲ.

ನೀರಿಗೆ ಇಳಿಯೋಕೆ ಆಗದೇ ಇರೋರು ಇಳಿತದ ಹೊತ್ತಲ್ಲಿ ದಡದ ಬಂಡೆ ಗುಂಡಿಗಳನ್ನ ನೋಡ್ಬಹುದು. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ನೀರು ತುಂಬಾ ಕೆಳಗಿಳಿಯತ್ತೆ, ಉಬ್ಬರವಿಳಿತದ ಪಟ್ಟಿ ನೋಡ್ಕೊಂಡು ನೀರು ಪೂರ್ತಿ ಇಳಿಯೋದಕ್ಕೆ ಒಂದು ಗಂಟೆ ಮುಂಚೆ ಹೋಗಿ, ನೀರು ತಿರುಗಿದ ಕೂಡ್ಲೇ ವಾಪಸ್ ಹೊರಡಿ. ಎತ್ತಿದ ಕಲ್ಲನ್ನ ಎತ್ತಿದ ಹಾಗೇ, ಅದೇ ಮಗ್ಗುಲಿಗೆ ವಾಪಸ್ ಇಡಿ. ಅಡಿಯಲ್ಲಿ ಅಂಟ್ಕೊಂಡಿರೋ ಮೊಟ್ಟೆ, ಸ್ಪಂಜು ಬಿಸಿಲಿಗೆ ಬಿದ್ರೆ ಸತ್ತು ಹೋಗತ್ತೆ.

## ಹಂತ 3: ಎರಡು ಮೀಟರ್ ಜಾಗದಲ್ಲಿ ನಿಂತುಬಿಡಿ

ಇಲ್ಲೇ ನೋಡಿ ಹೆಚ್ಚಿನವರು ಎಡವೋದು. ಇಡೀ ದಿಬ್ಬ ಸುತ್ತಿ ಬರ್ಬೇಕು ಅನ್ನೋ ಆಸೆ ಬಿಡಿ. ಎರಡು ಮೀಟರ್ ಅಗಲದ ಒಂದು ತುಂಡು ಆರಿಸ್ಕೊಂಡು ಅಲ್ಲೇ ನಿಂತು ಉಸಿರಾಟ ನಿಧಾನ ಮಾಡಿ. ಮೊದಲ ಒಂದೆರಡು ನಿಮಿಷ ಏನೂ ಕಾಣಲ್ಲ, ಯಾಕಂದ್ರೆ ನೀವು ಬಂದಿದ್ದು ನೋಡಿ ಎಲ್ಲ ಒಳಗೆ ಸೇರ್ಕೊಂಡಿರತ್ತೆ.

ಎಷ್ಟು ಹೊತ್ತು ಕಾಯ್ಬೇಕು ಅಂತ ತಿಳಿಯೋಕೆ ಕ್ರಿಸ್‌ಮಸ್ ಟ್ರೀ ಹುಳುನ ನೋಡ್ತಾ ಇರಿ. ಗಟ್ಟಿ ಹವಳದ ಮೈಮೇಲೆ ಎರಡೆರಡು ಪುಟ್ಟ ಸುರುಳಿ ಗರಿ ಕಾಣತ್ತಲ್ಲ, ಹಳದಿ, ನೀಲಿ, ಕೆಂಪು, ಅದೇ. ಹುಳುವಿನ ಮೈ ಹವಳದೊಳಗಿನ ಸುಣ್ಣದ ಕೊಳವೇಲಿ ಇರತ್ತೆ, ಹೊರಗಿರೋ ಗರಿ ಅದಕ್ಕೆ ಉಸಿರಾಟಕ್ಕೂ ಊಟಕ್ಕೂ. ನೆರಳು ಬಿದ್ರೆ ಸಾಕು ಕಣ್ಣು ಮಿಟುಕಿಸೋದ್ರೊಳಗೆ ಒಳಗೆ ಎಳ್ಕೊಂಡು ಮುಚ್ಚಳ ಹಾಕ್ಕೊಂಡುಬಿಡತ್ತೆ. ಸ್ವಲ್ಪ ಹೊತ್ತಾದ್ಮೇಲೆ ತುದಿ ಮಾತ್ರ ಹೊರಗೆ ಬರತ್ತೆ, ಆಮೇಲೆ ಮೆಲ್ಲಗೆ ಸುರುಳಿ ಬಿಚ್ಚತ್ತೆ. ಅದು ಪೂರ್ತಿ ಬಿಚ್ಚಿದೆ ಅಂದ್ರೆ ನೀವು ಅಲ್ಲಾಡ್ದೆ ಇದ್ದೀರ ಅಂತ, ಅಕ್ಕಪಕ್ಕದವರೂ ಹೊರಗೆ ಬರೋಕೆ ಶುರು ಮಾಡ್ತಾರೆ. ನೀವು ಸ್ವಲ್ಪ ಮುಂದಕ್ಕೆ ಸರಿದ ತಕ್ಷಣ ಮತ್ತೆ ಮುಚ್ಕೊಳ್ತು ಅಂದ್ರೆ ನೆರಳು ಬೀಳ್ತಿದೆ ಅಥವಾ ಜಾಸ್ತಿ ಹತ್ರ ಆಯ್ತು ಅಂತ ತಿಳ್ಕೊಂಡು ಹಿಂದೆ ಸರೀರಿ.

## ಹಂತ 4: ಮನೆ ಯಾವ್ದು ಅಂತ ಗುರುತಿಸಿ

ಹವಳದ ದಿಬ್ಬಗಳು ಸಮುದ್ರತಳದ ಶೇಕಡಾ 1ಕ್ಕಿಂತ ಕಮ್ಮಿ ಜಾಗದಲ್ಲಿವೆ, ಆದ್ರೆ ಸಮುದ್ರದ ಜೀವಿ ಜಾತಿಗಳಲ್ಲಿ ಸುಮಾರು ಕಾಲು ಭಾಗಕ್ಕೆ ಆಶ್ರಯ ಕೊಡ್ತವೆ. ಇಷ್ಟು ಇಕ್ಕಟ್ಟಲ್ಲಿ ಬದುಕ್ಬೇಕು ಅಂದ್ರೆ ಒಬ್ಬರ ಮೈಯೇ ಇನ್ನೊಬ್ಬರ ಮನೆ. ಹಾಗಾಗಿ ಒಂದೊಂದು ಮನೆಗೂ ನೋಡೋ ರೀತಿ ಬೇರೆ ಬೇರೆ.

ಸೀ ಫ್ಯಾನ್. ಬೀಸಣಿಗೆ ಥರ ಹರಡಿರೋ ಮೃದು ಹವಳ. ಪಿಗ್ಮಿ ಸೀಹಾರ್ಸ್ ಅನ್ನೋ ಕುದುರೆ ತಲೆಯ ಪುಟಾಣಿ ಮೀನು ಇರೋದು ಇದರಲ್ಲೇ. ಇದು ಎರಡು ಸೆಂಟಿಮೀಟರ್ ಆಸುಪಾಸು ಉದ್ದ ಅಷ್ಟೇ, ಮೈಮೇಲಿನ ಗಂಟುಗಳು ಮುಚ್ಚಿದ ಪಾಲಿಪ್ ಥರಾನೇ ಇರತ್ತೆ, ಬಣ್ಣಾನೂ ಅದೇ. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಜಾರ್ಜ್ ಬಾರ್ಗಿಬಾಂಟ್ ಅನ್ನೋರು ಸೀ ಫ್ಯಾನ್ ಸಂಗ್ರಹಿಸಿ ತಂದು ಪರೀಕ್ಷೆ ಮಾಡ್ತಿದ್ದಾಗ ಅದಕ್ಕೆ ಅಂಟ್ಕೊಂಡಿದ್ದ ಸೀಹಾರ್ಸ್ ಕಣ್ಣಿಗೆ ಬಿತ್ತು, ಮೊದಲು ಪತ್ತೆಯಾದ ಪಿಗ್ಮಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ. ನೀರಲ್ಲಿದ್ದಾಗ ಅಲ್ಲ, ಹೊರಗೆ ತಂದ್ಮೇಲೆ ಕಂಡಿದ್ದು, ಅಷ್ಟು ಚೆನ್ನಾಗಿ ಬೆರೆತಿರತ್ತೆ.

ಹುಡುಕೋ ರೀತಿ ಹೀಗೆ: ಮೊದಲು ಫ್ಯಾನ್‌ನ ಒಂದು ಪಕ್ಕದಿಂದ, ಮುಟ್ಟದೆ ನೋಡಿ. ಒಂದು ಕೊಂಬೆ ತುದಿಯಿಂದ ಬುಡದ ತನಕ ಕಣ್ಣು ಹಾಯಿಸಿ, ಆಮೇಲೆ ಪಕ್ಕದ ಕೊಂಬೆ. ಒಂದೇ ಕಡೆ ಗಂಟು ಗುಂಪಾಗಿ ಉಬ್ಬಿದ್ರೆ ನಿಲ್ಲಿ, ಅದು ಅಕ್ಕಪಕ್ಕದ ಗಂಟುಗಳಿಗಿಂತ ಬೇರೆ ಥರ ಓಲಾಡ್ತಿದ್ಯಾ, ಕೊಂಬೆಗೆ ಸುತ್ತಿರೋ ತೆಳು ಬಾಲ ಇದ್ಯಾ ನೋಡಿ. ಬೆಳಕನ್ನ ಸೀದಾ ಮುಖಕ್ಕೆ ಬಿಡ್ಬೇಡಿ, ಬೆಳಕಿನ ಅಂಚು ಮಾತ್ರ ತಾಗ್ಲಿ. ಸೀಹಾರ್ಸ್ ತಲೆ ಆ ಕಡೆ ತಿರುಗಿಸ್ಕೊಳ್ತು, ಕೊಂಬೆ ಹಿಂದಕ್ಕೆ ಹೋಯ್ತು ಅಂದ್ರೆ ಸಾಕು ಅಂತ ಹೇಳ್ತಿದೆ. ಫೋಟೋಗೋಸ್ಕರ ಕಡ್ಡೀಲಿ ತಿರುಗಿಸೋರು ಇದ್ದಾರೆ, ದಯವಿಟ್ಟು ಅಂಥ ಕೆಲಸ ಮಾಡ್ಬೇಡಿ, ಅದು ಇಡೀ ಬದುಕು ಕಳೆಯೋ ಮನೆ ಅದು.

ವಿಪ್ ಕೋರಲ್. ಒಂದೇ ಉದ್ದ ತಂತಿ ಥರ ನಿಂತಿರತ್ತೆ. ಮೇಲಿಂದ ಕೆಳಗೆ ನಿಧಾನಕ್ಕೆ ನೋಡಿ. ಒಂದು ಕಡೆ ಪಾಲಿಪ್ ಇಲ್ದೆ ಬೋಳಾಗಿರೋ ಪಟ್ಟಿ ಕಂಡ್ರೆ ಅಲ್ಲಿ ವಿಪ್ ಗೋಬಿ ಮೀನು ಮೊಟ್ಟೆ ಇಡೋಕೆ ಜಾಗ ಕೆರೆದು ಸ್ವಚ್ಛ ಮಾಡಿರತ್ತೆ, ಗಂಡು ಹೆಣ್ಣು ಎರಡೂ ಆಸುಪಾಸಲ್ಲೇ ಇರತ್ತೆ. ನೀವು ಸುತ್ತಿದ್ರೆ ಅದೂ ತಂತಿ ಸುತ್ತ ಆ ಕಡೆ ಜಾರಿಕೊಳ್ಳತ್ತೆ, ಜೊತೆಗಾರ ಎದುರುಗಡೆ ನಿಂತ್ರೆ ಸುಲಭ.

ಫೆದರ್ ಸ್ಟಾರ್. ಗರಿಗರಿ ತೋಳುಗಳ ನಕ್ಷತ್ರ. ತೋಳುಗಳು ಸೇರೋ ನಡುಭಾಗ ಮೇಲಿಂದ ನೋಡಿ. ಚಿಕ್ಕ ಸೀಗಡಿ, ಸ್ಕ್ವಾಟ್ ಲಾಬ್‌ಸ್ಟರ್, ಕ್ಲಿಂಗ್‌ಫಿಶ್ ಎಲ್ಲ ಅದೇ ಬಣ್ಣ ಹೊದ್ಕೊಂಡು ಕೂತಿರತ್ತೆ. ತೋಳು ಬಿಡಿಸೋಕೆ ಹೋಗ್ಬೇಡಿ, ಮುರಿದು ಬಟ್ಟೆಗೆ ಅಂಟ್ಕೊಳ್ಳತ್ತೆ.

ಕಡಲ ಸೌತೆ. ಮರಳಲ್ಲಿ ಬಿದ್ದಿರೋ ದಪ್ಪ ಕೊಳವೆ ಥರದ ಪ್ರಾಣಿ. ಮೈ ಮೇಲೆ ಓಡಾಡೋ ಎಂಪರರ್ ಸೀಗಡಿನ ಟಾರ್ಚ್ ಹಾಕಿ ಎರಡೂ ಪಕ್ಕದಲ್ಲಿ ಹುಡುಕಿ. ಕೆಲವು ಸೌತೆಗಳ ಗುದದೊಳಗೆ ಪರ್ಲ್‌ಫಿಶ್ ಅನ್ನೋ ಹಾವಿನಂಥ ಮೀನು ಹಗಲೆಲ್ಲ ಇದ್ದು ರಾತ್ರಿ ಹೊರಗೆ ಬರತ್ತೆ, ವಾಪಸ್ ಹೋಗೋವಾಗ ಎಷ್ಟೋ ಸಲ ಬಾಲ ಮೊದಲು ತೂರಿಸತ್ತೆ. ಅದನ್ನ ನೋಡ್ಬೇಕು ಅಂತ ಸೌತೆನ ಎತ್ತಿ ಹಿಂಡ್ಬೇಡಿ, ಗಾಬರಿಯಾದ್ರೆ ಕೆಲವು ಜಾತಿಗಳು ತಮ್ಮ ಕರುಳನ್ನೇ ಹೊರಗೆ ಹಾಕಿಬಿಡ್ತವೆ.

ಮರಳಿನ ಬಿಲ. ಹೊಸಬರು ಶುರು ಮಾಡ್ಬೇಕಾಗಿರೋದು ಇಲ್ಲಿಂದ, ಸುಲಭವಾಗಿ ಸಿಗತ್ತೆ, ನೋಡೋಕೆ ಬೇಕಾದಷ್ಟಿದೆ. ಬಿಲದ ಬಾಯಲ್ಲಿ ಗೋಬಿ ಮೀನು ಕಾವಲು ಕೂತಿರತ್ತೆ, ಒಳಗಿಂದ ಸ್ನ್ಯಾಪಿಂಗ್ ಸೀಗಡಿ ಮರಳು ತಳ್ಕೊಂಡು ಬಂದು ಸುರಿದು ಹೋಗತ್ತೆ, ಮತ್ತೆ ಬರತ್ತೆ. ಸೀಗಡಿಗೆ ಕಣ್ಣು ಸರಿಯಾಗಿ ಕಾಣಲ್ಲ, ಅದಕ್ಕೆ ಹೊರಗೆ ಬಂದಾಗೆಲ್ಲ ಒಂದು ಮೀಸೆನ ಮೀನಿನ ಮೈಗೆ ತಾಗಿಸ್ಕೊಂಡೇ ಇರತ್ತೆ. ಮೀನು ಬಾಲ ಪಟಪಟ ಅಲ್ಲಾಡಿಸಿದ್ರೆ ಸೀಗಡಿ ಅಲ್ಲಿಂದಲೇ ವಾಪಸ್. ನೀವು ತಳಕ್ಕೆ ಸಮನಾಗಿ ತಗ್ಗಿ, ಇಂಚಿಂಚಾಗಿ ಹತ್ರ ಹೋಗಿ. ಬಾಲ ಅಲ್ಲಾಡಿದ್ದು ಕಂಡ ಕೂಡ್ಲೇ ಅಲ್ಲೇ ನಿಲ್ಲಿ, ಮುಂದೆ ಹೋದ್ರೆ ಮೀನೂ ತಲೆ ಕೆಳಗಾಗಿ ಒಳಗೆ ನುಗ್ಗತ್ತೆ. ಹಾಗೆ ನುಗ್ಗಿದ್ಮೇಲೆ ಬಿಲದ ಮುಂದೆ ನಿಂತು ಪ್ರಯೋಜನ ಇಲ್ಲ, ಹಿಂದೆ ಸರಿದು ಕಾಯಿರಿ.

ದಿಬ್ಬದ ಹತ್ರ ಸದಾ ಚಟಪಟ ಅನ್ನೋ ಸದ್ದು ಕೇಳತ್ತಲ್ಲ, ಅದರಲ್ಲಿ ದೊಡ್ಡ ಪಾಲು ಈ ಸೀಗಡಿಗಳ ಬಂಧುಬಳಗದ್ದೇ. ಸೀಗಡಿಯ ಇಕ್ಕಳದಂಥ ಕೊಂಡಿ ಎಷ್ಟು ಜೋರಾಗಿ ಮುಚ್ಚತ್ತೆ ಅಂದ್ರೆ ನೀರಲ್ಲಿ ಒಂದು ಗುಳ್ಳೆ ಹುಟ್ಟತ್ತೆ, ಆ ಗುಳ್ಳೆ ಕುಸಿದಾಗ ಬರೋ ಸದ್ದು ಅದು, ಕೊಂಡಿ ಕೊಂಡಿ ತಾಗಿದ ಸದ್ದಲ್ಲ ಅಂತ 2000ದಲ್ಲಿ ವಿಜ್ಞಾನಿಗಳು ತೋರಿಸಿದ್ರು.

## ಹಂತ 5: ಬಿಟ್ಟು ಹೋದ ಗುರುತು ಓದಿ

ಆಕ್ಟೋಪಸ್ ಬೇಕಾ, ಕಸ ಹುಡುಕಿ. ಸಣ್ಣ ಸಂದಿಯ ಮುಂದೆ ಖಾಲಿ ಚಿಪ್ಪು, ಏಡಿ ಕವಚದ ಚೂರು ರಾಶಿ ಬಿದ್ದಿದ್ರೆ ಅದು ಊಟ ಮಾಡಿ ಎಸೆದಿದ್ದು. ಚಿಪ್ಪಿನ ಒಳಮೈ ಇನ್ನೂ ಹೊಳೀತಿದ್ರೆ, ಪಾಚಿ ಹಿಡೀದೆ ಇದ್ರೆ ಮನೆಯವರು ಈಗಲೂ ಇರೋ ಸಾಧ್ಯತೆ ಜಾಸ್ತಿ. ಸಂದಿಯೊಳಗೆ ಬೆರಳು ಹಾಕ್ಬೇಡಿ, ದೂರದಿಂದ ಒಂದು ಕಣ್ಣು ಕಾಣತ್ತಾ, ನೀರು ಒಳಗೆ ಹೊರಗೆ ಆಗ್ತಾ ಮೈ ಉಬ್ಬಿ ಇಳೀತಿದ್ಯಾ ನೋಡಿ.

ನ್ಯೂಡಿಬ್ರಾಂಕ್ ಅಂದ್ರೆ ಚಿಪ್ಪಿಲ್ಲದ ಬಣ್ಣದ ಕಡಲ ಗೊಂಡೆಹುಳು, ಇದಕ್ಕೆ ಅದರ ಊಟನೇ ಗುರುತು, ಒಂದೊಂದು ಜಾತಿ ಒಂದೊಂದು ಸ್ಪಂಜು ಅಥವಾ ಹೈಡ್ರಾಯ್ಡ್ (ಗಿಡದಂತೆ ಕಾಣೋ ಸಣ್ಣ ಪ್ರಾಣಿ) ತಿನ್ನತ್ತೆ. ಬಂಡೆ ಮೇಲೆ ರಿಬ್ಬನ್ ಸುರುಳಿ ಸುತ್ತಿಟ್ಟ ಹಾಗೆ ಮೊಟ್ಟೆ ಕಂಡ್ರೆ ಸುತ್ತಲೂ ಹುಡುಕಿ. ಚಪ್ಪಟೆ ಹುಳು ಜೊತೆ ಗೊಂದಲ ಮಾಡ್ಕೊಳ್ಳೋರು ತುಂಬಾ ಜನ: ಮುಂದೆ ಎರಡು ಗಟ್ಟಿ ಕೊಂಬು, ಎಷ್ಟೋ ಜಾತಿಗಳಲ್ಲಿ ಬೆನ್ನ ಹಿಂದೆ ಗರಿಯಂಥ ಕಿವಿರು ಗೊಂಚಲು ಇದ್ರೆ ನ್ಯೂಡಿಬ್ರಾಂಕ್, ಕಾಗದದಷ್ಟು ತೆಳ್ಳಗಿದ್ದು ಅಂಚು ಅಲೆ ಅಲೆಯಾಗಿ ಹೋಗ್ತಿದ್ರೆ ಚಪ್ಪಟೆ ಹುಳು.

ಫ್ರಾಗ್‌ಫಿಶ್ ಸ್ಪಂಜಿನ ಪಕ್ಕ ಸ್ಪಂಜೇ ಆಗಿ ಕೂತಿರತ್ತೆ. "ಈ ಸ್ಪಂಜು ಯಾಕೋ ಎರಡೂ ಪಕ್ಕ ಒಂದೇ ಥರ ಇದ್ಯಲ್ಲ" ಅನ್ಸಿದ್ರೆ ಅಲ್ಲೇ ನಿಲ್ಲಿ. ಕೈ ಥರ ಮಡಚಿ ಬಂಡೆ ಹಿಡ್ಕೊಂಡಿರೋ ರೆಕ್ಕೆ, ಕೆಳಗೆ ಇಳಿದಿರೋ ಬಾಯಿ ಗೆರೆ, ಪುಟ್ಟ ಕಣ್ಣು, ಈ ಕ್ರಮದಲ್ಲಿ ಹುಡುಕಿ. ತಲೆ ಮೇಲಿನ ಗಾಳದಂಥ ಕಡ್ಡಿ ಆಡಿಸೋಕೆ ಶುರು ಮಾಡಿದ್ರೆ ಉಸಿರು ನಿಧಾನ ಮಾಡಿ ನೋಡ್ತಾನೇ ಇರಿ, ನುಂಗೋದು ಕೆಲವೇ ಮಿಲಿಸೆಕೆಂಡಲ್ಲಿ ಮುಗಿದುಹೋಗತ್ತೆ, ಕಣ್ಣಿಗೆ ಕಾಣೋದು ಎದುರಿಗಿದ್ದ ಮೀನು ಮಾಯ ಆಗಿದ್ದು ಮಾತ್ರ.

ದೊಡ್ಡ ಮೀನು ಬಾಯಿ ತೆಗೆದು, ಕಿವಿರು ಅಗಲ ಮಾಡಿ ಅಲ್ಲಾಡ್ದೆ ನಿಂತಿದೆ ಅಂದ್ರೆ ಅದು ಕ್ಲೀನಿಂಗ್ ಸ್ಟೇಷನ್, ಮೀನುಗಳು ಮೈ ಸ್ವಚ್ಛ ಮಾಡಿಸ್ಕೊಳ್ಳೋ ಜಾಗ. ನೀಲಿ ಪಟ್ಟೆಯ ಪುಟ್ಟ ಮೀನು ಕ್ಲೀನರ್ ರ‍್ಯಾಸ್ ಅದರ ಮೈ ಮೇಲಿನ ಪರಾವಲಂಬಿ ತಿಂತಿರತ್ತೆ. ಇಲ್ಲಿ ಸೂಕ್ಷ್ಮವಾಗಿ ನೋಡಿ: ಅದೇ ಬಣ್ಣ, ಅದೇ ಕುಣಿತ ಇರೋ ಬ್ಲೆನ್ನಿ ಮೀನೊಂದಿದೆ, ಅದು ಹತ್ರ ಬಂದು ಮೀನಿನ ರೆಕ್ಕೆ ಚೂರು ಕಚ್ಕೊಂಡು ಓಡತ್ತೆ. ನಿಜವಾದ ಕ್ಲೀನರ್‌ಗೆ ಬಾಯಿ ಮೂತಿಯ ತುದೀಲಿ, ನಕಲಿಗೆ ಮೂತಿಯ ಅಡೀಲಿ. ಗಿರಾಕಿ ಮೀನು ಒಮ್ಮೆಲೆ ಬೆಚ್ಚಿ ಹಾರಿದ್ರೆ ಮೂತಿ ನೋಡಿ.

ಮ್ಯಾಂಟಿಸ್ ಶ್ರಿಂಪ್, ಅಂದ್ರೆ ಗುದ್ದಿ ಬೇಟೆಯಾಡೋ ಸೀಗಡಿಯಂಥ ಪ್ರಾಣಿ, ಅದರ ಬಿಲದ ಬಾಯಲ್ಲಿ ಎರಡು ಕಣ್ಣು ಬೇರೆ ಬೇರೆ ದಿಕ್ಕಿಗೆ ತಿರುಗ್ತಿರತ್ತೆ, ಹತ್ರದಲ್ಲಿ ಒಡೆದ ಚಿಪ್ಪು ಬಿದ್ದಿರತ್ತೆ. ನವಿಲು ಬಣ್ಣದ ಜಾತಿ ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಗುದ್ದತ್ತೆ ಅಂತ ಅಳೆದಿದ್ದಾರೆ. ಬೆರಳಾಗಲಿ ಕ್ಯಾಮೆರಾ ಗ್ಲಾಸಾಗಲಿ ಬಿಲದ ಹತ್ರ ಬೇಡ.

## ಹಂತ 6: ರಾತ್ರಿ ನೋಡೋದು

ಹಗಲಲ್ಲಿ ನೋಡಿ ಗೊತ್ತಿರೋ ಜಾಗಕ್ಕೇ ರಾತ್ರಿ ಇಳೀರಿ, ಹೊಸ ಜಾಗ ಬೇಡ. ಟಾರ್ಚನ್ನ ತಳಕ್ಕೆ ಓರೆಯಾಗಿ ಹಿಡೀರಿ, ಸೀಗಡಿಗಳ ಕಣ್ಣು ಕೆಂಡದ ಚುಕ್ಕೆ ಥರ ಹೊಳೆಯತ್ತೆ. ಮೈ ತುಂಬಾ ಸ್ಪಂಜು, ಪಾಚಿ ಚೂರು ಸಿಕ್ಕಿಸ್ಕೊಂಡ ಡೆಕೊರೇಟರ್ ಏಡಿ ನಡೆಯೋಕೆ ಶುರು ಮಾಡಿದಾಗ ಮಾತ್ರ ಗೊತ್ತಾಗೋದು, ಹಾಗಾಗಿ ಚಲನೆ ನೋಡಿ.

ಗಿಳಿಮೀನುಗಳಲ್ಲಿ ಕೆಲವು ಜಾತಿ ಲೋಳೆಯ ಪಾರದರ್ಶಕ ಗೂಡು ಕಟ್ಕೊಂಡು ಅದರೊಳಗೆ ಮಲಗತ್ತೆ, ರಕ್ತ ಹೀರೋ ಸಣ್ಣ ಪರಾವಲಂಬಿಗಳಿಂದ ಅದು ಕಾಪಾಡತ್ತೆ. ಆ ಗೂಡು ಮುಟ್ಟಿದ್ರೆ ಹರಿದುಹೋಗತ್ತೆ, ಎದ್ದ ಮೀನು ಕತ್ತಲಲ್ಲಿ ದಿಕ್ಕೆಟ್ಟು ಬಂಡೆಗೆ ಬಡೀಬಹುದು. ಮಲಗಿರೋ ಯಾವ ಮೀನಿನ ಮೇಲೂ ಬೆಳಕು ನಿಲ್ಲಿಸ್ಬೇಡಿ. ಇನ್ನೊಂದು ಎಚ್ಚರಿಕೆ, ಲಯನ್‌ಫಿಶ್‌ಗಳು ಟಾರ್ಚ್ ಹಿಂದೆನೇ ಬಂದು ಬೆಳಕಲ್ಲಿ ಸಿಕ್ಕ ಮೀನನ್ನ ಹಿಡಿಯೋದು ಕಲಿತಿರತ್ತೆ. ಪಕ್ಕದಲ್ಲಿ ಅದು ಬಂದಿದೆ ಅಂದ್ರೆ ಬೆಳಕನ್ನ ಬರೀ ಮರಳ ಕಡೆ ತಿರುಗಿಸಿ, ಮೊಣಕೈ ಎಲ್ಲಿದೆ ಅಂತಾನೂ ನೋಡ್ಕೊಳ್ಳಿ, ಅದರ ಬೆನ್ನ ಮುಳ್ಳಲ್ಲಿ ವಿಷ ಇದೆ.

## ಹಂತ 7: ಅಪಾಯದ ಗುರುತು, ಮತ್ತು ಕಚ್ಚಿದ್ರೆ ಏನು ಮಾಡೋದು

ಬ್ಲೂ ರಿಂಗ್ಡ್ ಆಕ್ಟೋಪಸ್ ಅಂಗೈಗಿಂತ ಚಿಕ್ಕದು, ಸುಮ್ನಿದ್ದಾಗ ಮಂಕಾಗಿರತ್ತೆ. ನೀಲಿ ಉಂಗುರ ಹೊಳೆಯೋಕೆ ಶುರುವಾದ್ರೆ ಅದು ಬೆದರಿಕೆ, ತಕ್ಷಣ ಹಿಂದೆ ಸರೀರಿ. ಕಚ್ಚಿದ್ದು ನೋವೇ ಆಗದೆ ಇರ್ಬಹುದು, ಆದ್ರೆ ಅದರ ವಿಷ ಟೆಟ್ರೊಡೊಟಾಕ್ಸಿನ್ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸಿಬಿಡತ್ತೆ, ಇದಕ್ಕೆ ಪ್ರತಿವಿಷ ಇಲ್ಲ. ನೀರಿಂದ ಹೊರಗೆ ತಂದು ಆಂಬುಲೆನ್ಸ್ ಕರೀರಿ, ಉಸಿರು ನಿಂತ್ರೆ ಬಾಯಿಗೆ ಬಾಯಿಟ್ಟು ಉಸಿರು ಕೊಡ್ತಾನೇ ಇರಿ, ಆಸ್ಪತ್ರೆ ತಲುಪೋ ತನಕ ನಿಲ್ಲಿಸ್ಬೇಡಿ, ಅಲ್ಲಾಡೋಕೆ ಆಗದೇ ಇದ್ರೂ ಆ ವ್ಯಕ್ತಿಗೆ ಪ್ರಜ್ಞೆ ಇರ್ಬಹುದು.

ಸ್ಟೋನ್‌ಫಿಶ್ ಬಂಡೆಯೇ ಅನ್ನೋ ಹಾಗಿರತ್ತೆ, ಬೆನ್ನ ಮೇಲೆ 13 ವಿಷದ ಮುಳ್ಳು. ಅಲ್ಲಾಡದೆ ತೇಲೋದು ಕಲೀರಿ, ಹವಳದ ಮೇಲೆ ನಿಲ್ಬೇಡಿ ಅಂತ ಮೊದಲನೇ ಹಂತದಲ್ಲಿ ಅಷ್ಟು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ಚುಚ್ಚಿದ್ರೆ ತಡ್ಕೊಳ್ಳೋ ಅಷ್ಟು ಬಿಸಿ ನೀರಲ್ಲಿ, 45 ಡಿಗ್ರಿ ಸೆಲ್ಸಿಯಸ್ ಮೀರದ ಹಾಗೆ, 30ರಿಂದ 90 ನಿಮಿಷ ಅದ್ದಿಟ್ಟು, ಆ ಹೊತ್ತಲ್ಲೇ ಡಾಕ್ಟರ್ ಹತ್ರ ಹೋಗೋ ವ್ಯವಸ್ಥೆ ಮಾಡಿ. ಬಿಸಿ ಎಷ್ಟಿದೆ ಅಂತ ಗಾಯ ಆಗದೇ ಇರೋ ಕೈಯಲ್ಲಿ ನೋಡ್ಕೊಳ್ಳಿ, ನೋವಲ್ಲಿರೋ ಕಾಲಿಗೆ ಸುಟ್ಟಿದ್ದೂ ಗೊತ್ತಾಗಲ್ಲ.

ಕೋನ್ ಥರದ ಚಂದದ ಚಿಪ್ಪು ಕಂಡ್ರೆ ಎತ್ಕೊಳ್ಬೇಡಿ, ಒಳಗಿರೋ ಬಸವನಹುಳು ವಿಷದ ಈಟಿ ಚುಚ್ಚತ್ತೆ, ಕೆಲವು ಜಾತಿಯದ್ದು ಪ್ರಾಣ ತೆಗೆಯೋ ಅಷ್ಟು. ಸಾಸಿವೆ ಬಣ್ಣದ, ತುದಿ ಬಿಳಿ ಇರೋ ಫೈರ್ ಕೋರಲ್ ತಾಗಿದ್ರೆ ಉರಿ ಬರತ್ತೆ.

## ಹಂತ 8: ಬರ್ಕೊಳ್ಳೋದು

ಮೇಲೆ ಬಂದ ಕೂಡ್ಲೇ ನಾಲ್ಕು ವಿಷಯ ಬರ್ಕೊಳ್ಳಿ: ಎಷ್ಟು ಆಳ, ಎಷ್ಟೊತ್ತಿಗೆ, ಯಾವ ಮನೇಲಿತ್ತು, ಏನು ಮಾಡ್ತಿತ್ತು. ಬಣ್ಣ ನಂಬ್ಕೊಂಡು ಹೆಸರು ಹಚ್ಬೇಡಿ, ಫ್ರಾಗ್‌ಫಿಶ್ ಥರದವು ಬಣ್ಣ ಬದಲಾಯಿಸ್ತವೆ. ಫೋಟೋ ತೆಗೆಯೋದಾದ್ರೆ ಮೊದಲು ಸ್ವಲ್ಪ ದೂರದಿಂದ ಮನೆ ಸಮೇತ ಒಂದು, ಆಮೇಲೆ ಪಕ್ಕದಿಂದ ಒಂದು, ಫ್ಲಾಶ್ ಹಾಕಿದ್ರೆ ಒಂದೆರಡಕ್ಕೆ ನಿಲ್ಲಿಸಿ. ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗೆ ಹಾಕಿದ್ರೆ ಗೊತ್ತಿರೋರು ಜಾತಿ ಗುರುತಿಸೋಕೆ ಸಹಾಯ ಮಾಡ್ತಾರೆ, ಆದ್ರೆ ಬರೀ ಪ್ರಾಣಿಯ ಕ್ಲೋಸಪ್ ಕೊಟ್ರೆ ಎಷ್ಟೋ ಸಲ ಅವರಿಗೂ ಹೇಳೋಕಾಗಲ್ಲ. ಪಿಗ್ಮಿ ಸೀಹಾರ್ಸ್ ಥರ ಒಂದೇ ಕೊಂಬೇಲಿ ಬದುಕೋ ಜೀವಿ ಆದ್ರೆ ಲೊಕೇಶನ್ ಮರೆಮಾಡೋ ಆಯ್ಕೆ ಒತ್ತಿ ಹಾಕಿ, ಇಲ್ಲಾಂದ್ರೆ ಮುಂದಿನ ವಾರವೇ ಆ ಫ್ಯಾನ್ ಮುಂದೆ ಕ್ಯಾಮೆರಾ ಹಿಡಿದೋರ ಸಾಲು ನಿಂತಿರತ್ತೆ.